ಖಾಲಿ ಉತ್ತರ ಬರೆದ ಶ್ರೀಹರಿ

ಕಗ್ಗದಾಸಪುರದ ಆ ಬೀದಿಯಲ್ಲಿ ಶ್ರೀಹರಿಯ ಬಾಯಿಂದ ‘ಇಲ್ಲ’ ಅನ್ನುವ ಮಾತು ಕೇಳಿದವರು ಒಬ್ಬರೂ ಸಿಗಲಾರರು. ಪಕ್ಕದ ಮನೆಯ ವೆಂಕಟಸ್ವಾಮಿಯವರು ಸ್ಕೂಟರ್ ಕೇಳಿಕೊಂಡು ಬಂದರೆ, ಗಾಡಿ ಮೆಕ್ಯಾನಿಕ್ ಹತ್ತಿರ ಬಿಚ್ಚಿಕೊಂಡು ಬಿದ್ದಿದ್ದರೂ ಇವನು "ನೋಡೋಣ ಸರ್, ಸಂಜೆ ಹೊತ್ತಿಗೆ" ಅನ್ನುತ್ತಿದ್ದ. ಆ ಪುಣ್ಯಾತ್ಮರು ಇಸ್ತ್ರಿ ಶರ್ಟು ತೊಟ್ಟು ಸಂಜೆಯವರೆಗೂ ಗೇಟಿನ ಹತ್ತಿರ ಅಡ್ಡಾಡುವರು. ಕೊನೆಗೆ ಹೆಂಡತಿ ಅನಸೂಯಳೇ ಹೊರಗೆ ಬಂದು, "ಗಾಡಿ ಇಲ್ಲ ಅಂಕಲ್, ನೀವು ಆಟೋ ಮಾಡ್ಕೊಂಡು ಹೋಗ್ಬಿಡಿ" ಎಂದು ಕಡ್ಡಿ ಮುರಿದಂತೆ ಹೇಳಿ ಕಳಿಸಬೇಕಿತ್ತು. ಗಂಡ ದೇವರಂಥವನು, ಹೆಂಡತಿ ಗಯ್ಯಾಳಿ ಎಂದು ಬೀದಿಯವರು ತೀರ್ಮಾನ ಮಾಡಿಟ್ಟಿದ್ದರು.

ಇದು ಅವನಿಗೆ ತಾಯಿ ಲಕ್ಷ್ಮಿದೇವಿಯಿಂದ ಬಂದ ಬಳುವಳಿ. ತಂದೆ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಶ್ರೀಹರಿ ಬೆಳೆದ ಆ ಕ್ವಾರ್ಟರ್ಸ್ ಮನೆಯಲ್ಲಿ ಅಕ್ಕಿ ಮುಗಿಯುತ್ತಿರಲಿಲ್ಲ, ಹೆಚ್ಚುತ್ತಿತ್ತು. ದೀಪ ಆರುತ್ತಿರಲಿಲ್ಲ, ದೊಡ್ಡದಾಗುತ್ತಿತ್ತು. ಯಾರೂ ಹೋಗುತ್ತೇನೆ ಅನ್ನುತ್ತಿರಲಿಲ್ಲ, ಬರುತ್ತೇನೆ ಅನ್ನುತ್ತಿದ್ದರು. ಮನೆಯೊಳಗೆ ‘ಇಲ್ಲ’ ಅಂದರೆ ಮೇಲೆ ಓಡಾಡುವ ಅಸ್ತು ದೇವತೆಗಳು ‘ಅಸ್ತು’ ಅಂದುಬಿಡುತ್ತಾರೆ ಎಂದು ತಾಯಿ ಹೆದರಿಸುತ್ತಿದ್ದಳು. ತಾಯಿಗಾದರೋ ದೇವತೆಗಳ ಭಯವಿತ್ತು. ಮಗನಿಗೆ ಇದ್ದದ್ದು ಎದುರಿಗಿದ್ದವರ ಮುಖ ಬಾಡುವುದನ್ನು ನೋಡುವ ಭಯ. ಒಳ್ಳೆಯವನು ಅನ್ನಿಸಿಕೊಳ್ಳುವ ಚಟ ಇದೆಯಲ್ಲ, ಅದು ಕುಡಿತಕ್ಕಿಂತ ಕೆಟ್ಟದ್ದು. ಕುಡುಕನಿಗೆ ಬುದ್ಧಿ ಹೇಳುವವರಾದರೂ ನಾಲ್ಕು ಜನ ಇರುತ್ತಾರೆ.

ಕೆಲಸದಲ್ಲಿ ಮಾತ್ರ ಅವನನ್ನು ಬೆರಳು ಮಾಡಿ ತೋರಿಸುವಂತಿರಲಿಲ್ಲ. ದೊಮ್ಮಲೂರಿನ ಫ್ಲೈಓವರ್ ಪಕ್ಕದ ಒಂದು ಸಣ್ಣ ಕಂಪನಿ. ಹಲಸೂರು ಕಡೆಯ ಒಂದು ಟ್ರಸ್ಟ್ ಆಸ್ಪತ್ರೆಗೆ ಇವರು ಲ್ಯಾಬ್ ರಿಪೋರ್ಟಿನ ವೆಬ್‌ಸೈಟ್ ಮಾಡಿಕೊಟ್ಟಿದ್ದರು. ರೋಗಿಯ ಕಡೆಯವರು ಫೋನಿನಲ್ಲಿ ನಂಬರು ಹಾಕಿ ಗುಂಡಿ ಒತ್ತಿದರೆ ರಿಪೋರ್ಟ್ ಮುಂದೆ ಬಂದು ನಿಲ್ಲಬೇಕು. ಸರ್ವರಿನ ಕೆಲಸವೆಲ್ಲ ಶ್ರೀಹರಿಯದು. ಅದು ಸರಿಯಿದೆಯೋ ಇಲ್ಲವೋ ಎಂದು ಕುಟ್ಟಿ ತಟ್ಟಿ ನೋಡುವ ಟೆಸ್ಟಿಂಗ್ ಕೆಲಸ ಇಕ್ರಾಳದು. ಇಕ್ರಾ ಶಿವಾಜಿನಗರದ ಹುಡುಗಿ. ತಂದೆ ತೀರಿಹೋಗಿದ್ದರು, ರಸೆಲ್ ಮಾರ್ಕೆಟ್ ಹಿಂದಿನ ಗಲ್ಲಿಯೊಂದರ ಮಹಡಿ ಮನೆಯಲ್ಲಿ ಅವಳು ಮತ್ತು ತಾಯಿ ಮಜೀದಾ, ಇಬ್ಬರೇ. ತಾಯಿ ಮದುವೆ ದುಪಟ್ಟಾಗಳಿಗೆ ಜರಿ ಹಾಕುತ್ತಿದ್ದಳು. ಅದೇ ಕೈಯಿಂದ ಮಗಳನ್ನು ಓದಿಸಿದ್ದಳು.

ಒಂದು ದಿನ ಇಕ್ರಾ ಲ್ಯಾಪ್‌ಟಾಪ್ ಎತ್ತಿಕೊಂಡು ಶ್ರೀಹರಿಯ ಮೇಜಿಗೆ ಬಂದಳು. ರಿಪೋರ್ಟ್ ಇನ್ನೂ ಬರದೇ ಇದ್ದಾಗ ಸೈಟು ಏನು ಹೇಳಬೇಕು ಅನ್ನುವುದು ಪ್ರಶ್ನೆ. ಅಲ್ಲಿಯವರೆಗೆ ಸರ್ವರ್ ನಾನೂರ ನಾಲ್ಕು ಅನ್ನುವ ಸಂಖ್ಯೆ ಕಳಿಸುತ್ತಿತ್ತು, ಪರದೆಯ ಮೇಲೆ ಕೆಂಪಕ್ಷರದಲ್ಲಿ ‘ರಿಪೋರ್ಟ್ ಇಲ್ಲ’ ಎಂದು ಬರುತ್ತಿತ್ತು.

"ಇದು ಸ್ವಲ್ಪ ಒರಟಾಯ್ತು ಸರ್. ‘ಇನ್ನೂ ಸಿದ್ಧವಾಗಿಲ್ಲ, ನಾಳೆ ನೋಡಿ’ ಅಂತ ಹಾಕೋಣ್ವಾ?" ಎಂದು ಕೇಳಿದಳು.

ಶ್ರೀಹರಿ ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡ. "ಅಲ್ಲಮ್ಮ, ಬೆಳಗೆದ್ದು ದೇವರೇ ಅಂತ ಫೋನ್ ತೆಗೆಯೋರಿಗೆ ಇಲ್ಲ, ಆಗಿಲ್ಲ ಅಂತ ಹೇಳೋದಾ? ರೋಗಿ ಮನೆಯೋರು ಕಣೆ. ಬೇಡ. ಏನೂ ಹೇಳೋದು ಬೇಡ. ಪೇಜು ಹೇಗಿದೆಯೋ ಹಾಗೇ ಇರ್ಲಿ. ರಿಪೋರ್ಟ್ ಬಂದಾಗ ತಾನಾಗೇ ಕಾಣ್ಸುತ್ತೆ."

"ಒತ್ತಿದ್ರೂ ಏನೂ ಆಗ್ಲಿಲ್ಲ ಅಂದ್ರೆ ಜನಕ್ಕೆ ಏನ್ ಅರ್ಥ ಆಗುತ್ತೆ ಸರ್?"

"ಅರ್ಥ ಆಗುತ್ತೆ ಬಿಡು."

ಸರ್ವರ್ ಕಳಿಸುವ ಉತ್ತರಕ್ಕೆ ಒಂದು ಸಂಖ್ಯೆ ಇರುತ್ತದೆ, ಮೇಲೆ ನಾಲ್ಕಾರು ಸಾಲು ಹೆಡರ್ ಇರುತ್ತದೆ, ಅದರ ಕೆಳಗೆ ವಿಷಯ. ಹೆಡರ್ ಅಂದರೆ ಪಾರ್ಸೆಲ್ಲಿನ ಮೇಲೆ ಅಂಟಿಸುವ ಚೀಟಿ ಇದ್ದ ಹಾಗೆ: ಒಳಗೆ ಎಂಥದ್ದಿದೆ, ಎಷ್ಟಿದೆ, ಎಷ್ಟು ಕಾಲ ಇಟ್ಟುಕೊಳ್ಳಬಹುದು ಎಂದು ಫೋನಿಗೆ ತಿಳಿಸುವುದು ಅದೇ. ‘ನಿನ್ನ ಮಾತು ಕೇಳಿದೆ, ಕೊಡಲು ಏನೂ ಇಲ್ಲ’ ಎಂದು ಸದ್ದಿಲ್ಲದೆ ತಿಳಿಸುವುದಕ್ಕೆ ಇನ್ನೂರ ನಾಲ್ಕು ಎಂಬ ಇನ್ನೊಂದು ಸಂಖ್ಯೆಯಿದೆ. ಅದು ಬಂದರೆ ಫೋನು ಇದ್ದ ಪುಟದಲ್ಲೇ ನಿಂತಿರುತ್ತದೆ, ತುಟಿ ಬಿಚ್ಚುವುದಿಲ್ಲ. ಶ್ರೀಹರಿಗೆ ಅದು ತನ್ನ ತಾಯಿಯೇ ಮಾಡಿದ ನಿಯಮದಂತೆ ಕಂಡಿತು.

ಆ ಖಾಲಿ ಉತ್ತರವನ್ನು ಅವನು ಎಷ್ಟು ಅಕ್ಕರೆಯಿಂದ ಬರೆದನೆಂದರೆ, ಮಧ್ಯಾಹ್ನದ ಊಟದ ಡಬ್ಬಿ ತೆರೆಯುವುದನ್ನೇ ಮರೆತ. ಒಳಗೆ ಏನೂ ಇಲ್ಲದ ಮೇಲೆ ‘ಎಂಥದ್ದಿದೆ’ ಅನ್ನುವ ಹೆಡರ್ ಯಾಕೆ ಎಂದು ಇಕ್ರಾ ಎತ್ತಿ ತೋರಿಸಿದಳು; ತೆಗೆದ. ‘ಎಷ್ಟಿದೆ’ ಅನ್ನುವುದೂ ಇರಬಾರದು ಎಂದಳು. ಅದನ್ನೂ ಬೆಣ್ಣೆಯಿಂದ ಕೂದಲು ತೆಗೆದಂತೆ ತೆಗೆದ. ಆಮೇಲೆ ಅವಳು ಮತ್ತೆ ಮತ್ತೆ ಒತ್ತಿ ನೋಡಿ ಸೈ ಅಂದಳು. ಟೆಸ್ಟಿಂಗ್ ಮಾಡುವವರೆಲ್ಲ ತಮ್ಮ ಕಂಪ್ಯೂಟರಿನಲ್ಲಿ, ಹಳೆಯ ಉತ್ತರವನ್ನು ನೆನಪಿಟ್ಟುಕೊಳ್ಳಬೇಡ ಎಂದು ಬ್ರೌಸರಿಗೆ ಮೊದಲೇ ಹೇಳಿರುತ್ತಾರೆ. ಅವಳೂ ಹೇಳಿದ್ದಳು. ಹಾಗಾಗಿ ಅವಳಿಗೆ ಪ್ರತಿಸಲವೂ ಹೊಸ ಉತ್ತರವೇ ಬರುತ್ತಿತ್ತು.

ಇಬ್ಬರೂ ನೋಡದೇ ಹೋದದ್ದು ಮೂರನೆಯ ಹೆಡರನ್ನು. ಅದು ಶ್ರೀಹರಿಯ ಈ ಬರಹದಲ್ಲಿ ಇರಲೇ ಇಲ್ಲ. ಆಸ್ಪತ್ರೆಯ ಮುದಿ ಯಂತ್ರ ಜನರ ಒತ್ತಡ ತಡೆಯುವುದಿಲ್ಲವೆಂದು, ಹಿಂದೆಂದೋ ಅವನೇ ಉತ್ತರಗಳೆಲ್ಲ ಹಾದುಹೋಗುವ ಬಾಗಿಲಿನಂಥ ಇನ್ನೊಂದು ಸರ್ವರಿಗೆ ಒಂದು ಅಪ್ಪಣೆ ಕೊಟ್ಟಿದ್ದ: ಹೊರಗೆ ಹೋಗುವ ಒಳ್ಳೆಯ ಉತ್ತರಗಳ ಮೇಲೆಲ್ಲ ‘ಇದನ್ನು ಒಂದು ತಿಂಗಳು ಇಟ್ಟುಕೋ, ಮತ್ತೆ ಬಂದು ಕೇಳಬೇಡ’ ಎಂದು ಚೀಟಿ ಅಂಟಿಸು. ಒಮ್ಮೆ ಬಂದ ರಿಪೋರ್ಟ್ ಮತ್ತೆ ಬದಲಾಗುವುದಿಲ್ಲವಲ್ಲ, ಆ ಲೆಕ್ಕಾಚಾರ ತಪ್ಪೇನಲ್ಲ. ನಾನೂರ ನಾಲ್ಕರಂಥ ಒರಟು ಉತ್ತರಕ್ಕೆ ಆ ಚೀಟಿ ಅಂಟುತ್ತಿರಲಿಲ್ಲ. ಇನ್ನೂರ ನಾಲ್ಕು ಒಳ್ಳೆಯವರ ಸಾಲಿಗೆ ಸೇರಿದ್ದು, ಅದಕ್ಕೆ ಅಂಟಿತು. ಕೆಂಪಕ್ಷರದಲ್ಲಿ ಮುಖಕ್ಕೆ ಹೊಡೆದ ಹಾಗೆ ಹೇಳಿದ್ದರೆ ಮಾರನೇ ದಿನ ಫೋನು ಮತ್ತೆ ಹೋಗಿ ಕೇಳುತ್ತಿತ್ತು. ಈ ಮಹಾನುಭಾವನ ಮರ್ಯಾದೆಯ ಮೌನವನ್ನು ಅದು ಒಂದು ತಿಂಗಳು ಕಟ್ಟಿಟ್ಟುಕೊಂಡಿತು.

ಊರಿನ ಜನ ಇದರಿಂದ ಕೆಡಲಿಲ್ಲ. ಅವರಿಗೆ ಇನ್ನೂರ ನಾಲ್ಕು ಗೊತ್ತಿರಲಿಲ್ಲ. ಒತ್ತಿದರು, ಪುಟ ಅಲುಗಲಿಲ್ಲ, "ಇವರ ಸೈಟಿಗೆ ಬೆಂಕಿ ಹಾಕ" ಎಂದು ಬೈದುಕೊಂಡು ನೇರ ಆಸ್ಪತ್ರೆಯ ಕೌಂಟರಿಗೆ ಹೋಗಿ ಜಗಳ ಮಾಡಿ ರಿಪೋರ್ಟ್ ತಂದುಕೊಂಡರು. ಪೇಜು ಸ್ಟಕ್ ಆಗುತ್ತಿದೆ ಎಂದು ಆಸ್ಪತ್ರೆಯವರು ಎರಡು ಮೂರು ಸಲ ದೂರು ಕಳಿಸಿದರು. "ನೋಡುತ್ತಿದ್ದೇವೆ" ಎಂದು ಶ್ರೀಹರಿ ಉತ್ತರ ಬರೆದ. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಅವನನ್ನು ಮೀರಿಸುವವರು ಆ ಆಫೀಸಿನಲ್ಲಿ ಯಾರಿದ್ದರು?

ಮಜೀದಾಳ ಕುತ್ತಿಗೆಯಲ್ಲಿ ಗಂಟು ಕಾಣಿಸಿಕೊಂಡದ್ದು ಅದೇ ಸುಮಾರಿಗೆ. ಇಕ್ರಾ ತಾಯಿಯನ್ನು ಅದೇ ಆಸ್ಪತ್ರೆಗೆ ಕರೆದೊಯ್ದಳು. ಡಾಕ್ಟರು ಗಂಟಿನಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. "ದೊಡ್ಡ ಲ್ಯಾಬಿಗೆ ಹೋಗ್ಬೇಕಮ್ಮ, ಒಂದು ವಾರಾನೂ ಆಗ್ಬಹುದು, ಮೂರು ವಾರಾನೂ ಆಗ್ಬಹುದು. ಸೈಟಲ್ಲಿ ಬರುತ್ತೆ, ಬಂದ ತಕ್ಷಣ ಕರ್ಕೊಂಡು ಬನ್ನಿ" ಎಂದರು. ಇಕ್ರಾ ಮಾರನೇ ಬೆಳಿಗ್ಗೆಯೇ ತನ್ನ ಫೋನಿನಲ್ಲಿ ಒತ್ತಿ ನೋಡಿದಳು. ಖಾಲಿ. ಅದೊಂದೇ ಸಲ ಅವಳ ಫೋನು ನಿಜವಾಗಿ ಸರ್ವರಿನ ತನಕ ಹೋಗಿ ಬಂದದ್ದು. ಅಲ್ಲಿಂದ ಮುಂದೆ ಅವಳು ದಿನವೂ ಒತ್ತಿದಳು, ಫೋನು ತನ್ನ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಆ ಹಳೆಯ ಖಾಲಿಯನ್ನೇ ತೆಗೆದು ಕೊಡುತ್ತ ಹೋಯಿತು.

ಆಫೀಸಿನ ಕಂಪ್ಯೂಟರಿನಲ್ಲಿ ನೋಡಿದ್ದರೆ ಕಾಣುತ್ತಿತ್ತು. ಆದರೆ ರೋಗಿಗಳ ನಿಜವಾದ ರಿಪೋರ್ಟನ್ನು ಆಫೀಸಿನಲ್ಲಿ ತೆರೆಯಬಾರದೆಂಬ ಕಟ್ಟಪ್ಪಣೆಯಿತ್ತು, ತಾಯಿಯದಾದರೂ ಅವಳು ಅದನ್ನು ಮೀರಲಿಲ್ಲ. ಎದುರುಮನೆಯ ಸುರಯ್ಯಾ ಖಾಲಾ, "ಒಂದ್ಸಲ ಕೌಂಟರಿಗೆ ಹೋಗಿ ಕೇಳ್ಕೊಂಡು ಬಾರೇ" ಎಂದು ಹೇಳಿದ್ದಳಂತೆ. "ಬೇಡ ಖಾಲಾ, ಅದನ್ನ ಟೆಸ್ಟ್ ಮಾಡಿರೋದೇ ನಾನು. ಏನೂ ಬರ್ಲಿಲ್ಲ ಅಂದ್ರೆ ರಿಪೋರ್ಟ್ ಇನ್ನೂ ಆಗಿಲ್ಲ ಅಂತ" ಎಂದು ಇಕ್ರಾ ಉತ್ತರ ಕೊಟ್ಟಳು. ಬೆಂಗಳೂರಿನಷ್ಟು ದೊಡ್ಡ ಊರಿನಲ್ಲಿ ಆ ಖಾಲಿ ಪುಟದ ಅರ್ಥ ತಿಳಿದು ನಂಬಿ ಕೂತವಳು ಅವಳೊಬ್ಬಳೇ.

ಶ್ರೀಹರಿ ದಿನವೂ ವಿಚಾರಿಸುತ್ತಿದ್ದ. "ಅಮ್ಮನ ರಿಪೋರ್ಟ್ ಬಂತೇನಮ್ಮ?"

"ಇನ್ನೂ ಇಲ್ಲ ಸರ್. ಖಾಲಿನೇ ಬರ್ತಿದೆ."

"ಬರುತ್ತೆ ಬಿಡು. ತಡ ಆದಷ್ಟೂ ಒಳ್ಳೇದೇ ಅಂತಾರೆ. ಏನಾದ್ರೂ ಕೆಟ್ಟದ್ದಿದ್ರೆ ಅವರೇ ಫೋನ್ ಮಾಡ್ತಿದ್ರು."

ಇದನ್ನು ಅವನಿಗೆ ಹೇಳಿದವರು ಯಾರೂ ಇರಲಿಲ್ಲ. ಹುಡುಗಿಯ ಮುಖ ನೋಡಲಾರದೆ ಬಾಯಿಗೆ ಬಂದದ್ದನ್ನು ಹೇಳಿದ. ಹುಡುಗಿ ಅದನ್ನು ಮನೆಗೆ ಹೊತ್ತುಕೊಂಡು ಹೋಗಿ ತಾಯಿಗೂ ಹೇಳಿದಳು. ಮಜೀದಾ ಆ ಮಾತಿನ ಮೇಲೆ ನೆಮ್ಮದಿಯಾಗಿ ಎರಡು ಮದುವೆ ದುಪಟ್ಟಾ ಮುಗಿಸಿದಳು.

ಗಂಟು ಬೆಳೆಯಿತು. ಒಂದು ಬೆಳಿಗ್ಗೆ ಮಜೀದಾಳಿಗೆ ಉಸಿರು ಎಳೆದುಕೊಳ್ಳುವುದೇ ಕಷ್ಟವಾಗಿ, ಇಕ್ರಾ ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದಳು. ತಾಯಿಗೆ ಆಮ್ಲಜನಕ ಕೊಡುತ್ತಿರುವಾಗ ಕೌಂಟರಿನವನು ರಿಪೋರ್ಟ್ ತೆಗೆದುಕೊಟ್ಟ. ಅದು ಬಂದು ಮೂರು ವಾರವಾಗಿತ್ತು. ವೇಗವಾಗಿ ಹರಡುವ ಜಾತಿಯ ಕ್ಯಾನ್ಸರು. "ಎಲ್ಲಿ ಹೋಗಿದ್ರಿ ನೀವು? ರಿಪೋರ್ಟ್ ನೋಡ್ಕೊಂಡು ಬೇರೆ ಆಸ್ಪತ್ರೆಗೆ ಹೋಗಿರ್ತೀರಿ ಅಂದ್ಕೊಂಡ್ವಿ" ಎಂದು ಡಾಕ್ಟರು ಬೈದರು. ಆವಾಗಲೇ ಔಷಧಿ ಶುರು ಮಾಡಿದ್ದರೆ ಬದುಕುವ ಸಾಧ್ಯತೆ ಚೆನ್ನಾಗಿತ್ತು, ಈಗ ಈ ಮೈ ಆ ಔಷಧಿ ತಡೆಯುವುದಿಲ್ಲ ಎಂದು ಅವರು ಮುಚ್ಚುಮರೆಯಿಲ್ಲದೆ ಹೇಳಿದರು.

ಇಕ್ರಾ ಮಾರನೇ ದಿನ ಆಫೀಸಿಗೆ ಬಂದಳು, ರಜೆ ಬರೆದುಕೊಡಲು. ಶ್ರೀಹರಿಯ ಮೇಜಿನ ಮುಂದೆ ನಿಂತು ನಡೆದದ್ದನ್ನೆಲ್ಲ ಹೇಳಿ, ಕೊನೆಗೆ ಕೇಳಿದಳು: "ಪೇಜ್ ಯಾಕ್ ಸರ್ ತೋರ್ಸ್ಲಿಲ್ಲ?"

"ನೋಡ್ತೀನಮ್ಮ. ನೀನು ಮೊದಲು ಅಮ್ಮನ ಹತ್ರ ಇರು" ಎಂದ.

ಅವಳು ಹೊರಟ ಮೇಲೆ ನೋಡಿದ. ಬಹಳ ಹುಡುಕಬೇಕಾಗಲಿಲ್ಲ. ಊರಿನವರಂತೆ ಹೊರಗಿನಿಂದ ಒತ್ತಿ ತರಿಸಿಕೊಂಡ ಖಾಲಿ ಉತ್ತರವನ್ನು ಬಿಚ್ಚಿ ಹೆಡರುಗಳನ್ನು ಒಂದೊಂದಾಗಿ ಓದಿದಾಗ ಅದು ಅಲ್ಲೇ ಇತ್ತು, ತಾನೇ ಹೇಳಿ ಅಂಟಿಸಿದ ಒಂದು ತಿಂಗಳ ಚೀಟಿ. ಕೂತಲ್ಲೇ, ಖಾಲಿ ಉತ್ತರವನ್ನು ಯಾರೂ ಇಟ್ಟುಕೊಳ್ಳಬಾರದು ಎಂದು ಒಂದು ಸಾಲು ಬರೆದು ಸೇರಿಸಿದ. ಯಾಕೆ ಬದಲಾಯಿಸಿದೆ ಎಂದು ಬರೆಯಬೇಕಾದ ಜಾಗದಲ್ಲಿ ‘ಹೆಡರ್ ಸ್ವಚ್ಛತೆ’ ಎಂದು ಬರೆದ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅಂತಾರಲ್ಲ, ಹಾಗಾಯಿತು ಅವನ ಕಥೆ.

ಮನೆಯಲ್ಲಿ ಅವನು ತಟ್ಟೆಯ ಮುಂದೆ ಕೂತು ಅನ್ನ ಕಲಸುತ್ತಲೇ ಇದ್ದ. ಅನಸೂಯ ಬಿಡದೆ ಕೇಳಿ ಬಾಯಿ ಬಿಡಿಸಿದಳು. ಪೂರ್ತಿ ಕೇಳಿ, "ರೀ, ನಾಳೇನೇ ಹೋಗಿ ಹೇಳ್ಬಿಡಿ" ಎಂದಳು.

"ಹ್ಯಾಗೆ ಹೇಳ್ಲಿ ಅನು? ನಿನ್ನ ತಾಯೀನ ನಾನೇ ಅಂತ ಆ ಹುಡುಗಿಗೆ..."

"ಹಾಗೇ ಹೇಳ್ಬೇಕು. ಬೈತಾರೆ, ಅಳ್ತಾರೆ. ಬೈಸ್ಕೊಳಿ. ಅವರು ಹೊಡೆದ್ರೂ ಹೊಡೆಸ್ಕೊಳಿ. ಹೇಳದೇ ಹಾಗೇ ಬಂದ್ರೆ ಮಾತ್ರ ನಿಮ್ಮ ಮುಖ ನೀವೇ ನೋಡ್ಕೊಳೋಕಾಗಲ್ಲ."

ಅವನು ಹೂಂ ಅಂದ. ಬೆಳಿಗ್ಗೆಯೂ ಹೂಂ ಅಂದ. ಅದಾದ ಮೇಲೆ ಎಷ್ಟೋ ಬೆಳಿಗ್ಗೆ ಆ ಹೂಂ ಅಂದುಕೊಂಡೇ ಮನೆ ಬಿಟ್ಟ. ಕಗ್ಗದಾಸಪುರದ ರೈಲ್ವೆ ಗೇಟಿನ ಬಳಿ ಕಾಯುವಾಗ ಮಾತುಗಳನ್ನು ಜೋಡಿಸಿಕೊಳ್ಳುತ್ತಿದ್ದ, ದೊಮ್ಮಲೂರು ಮುಟ್ಟುವಷ್ಟರಲ್ಲಿ ಒಂದೂ ಉಳಿದಿರುತ್ತಿರಲಿಲ್ಲ. ಇಕ್ರಾಳಿಗೆ ಫೋನು ಮಾಡಿದರೆ "ಊಟ ಮಾಡಿದ್ಯಾ? ರಕ್ತ ಬೇಕಾದ್ರೆ ಹೇಳು" ಎಂದು ಕೇಳುತ್ತಿದ್ದ. ರಕ್ತವನ್ನು ಕೊಟ್ಟೂ ಬಂದ. ಅವಳು ಮತ್ತೊಮ್ಮೆ ಆ ಪೇಜಿನ ಮಾತು ಎತ್ತಲಿಲ್ಲ, ಅವನೂ ಎತ್ತಲಿಲ್ಲ. ಪಾಪ, ತಾಯಿಯ ಸಂಕಟದಲ್ಲಿ ಮರೆತಿದ್ದಾಳೆ ಎಂದು ಸಮಾಧಾನ ಮಾಡಿಕೊಂಡ. ಸಮಾಧಾನ ಮಾಡಿಕೊಂಡದ್ದಕ್ಕೆ ಅವನಿಗೇ ತನ್ನ ಮೇಲೆ ಅಸಹ್ಯವಾಯಿತು.

ಒಂದು ದಿನ ಇಕ್ರಾಳೇ ಫೋನು ಮಾಡಿದಳು. "ಅಮ್ಮಿ ನಿಮ್ಮನ್ನ ನೋಡ್ಬೇಕಂತೆ ಸರ್. ಆದಷ್ಟು ಇವತ್ತೇ ಬನ್ನಿ."

ಮಜೀದಾಳನ್ನು ಮನೆಗೆ ಕರೆತಂದಿದ್ದರು. ಕಿಟಕಿಯ ಪಕ್ಕದ ಮಂಚದಲ್ಲಿ ಅವಳು ದಿಂಬುಗಳಿಗೆ ಒರಗಿ ಕೂತಿದ್ದಳು, ಮಲಗಿದರೆ ಉಸಿರು ಸಿಕ್ಕುತ್ತಿರಲಿಲ್ಲ. ಕೆಳಗಿನ ಗಲ್ಲಿಯಿಂದ ತಳ್ಳುಗಾಡಿಯವರ ಕೂಗು ಕೇಳುತ್ತಿತ್ತು. ಶ್ರೀಹರಿ ತಂದ ಕಿತ್ತಳೆಹಣ್ಣಿನ ಚೀಲವನ್ನು ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಮೇಲೇ ಇಟ್ಟುಕೊಂಡು ಕುರ್ಚಿಯಲ್ಲಿ ಕೂತ. ಇಕ್ರಾ ಬಾಗಿಲಿಗೆ ಒರಗಿ ನಿಂತಳು.

"ಬೇಟಾ," ಎಂದಳು ಮಜೀದಾ, ಒಂದೊಂದು ಮಾತಿಗೂ ನಿಂತು ಉಸಿರೆಳೆದುಕೊಂಡು. "ನಮ್ಮಲ್ಲಿ ಹೋಗೋ ಮೊದ್ಲು ಎಲ್ರ ಹತ್ರಾನೂ ಕಹಾ ಸುನಾ ಮಾಫ್ ಕೇಳ್ತೀವಿ. ನಾನು ಅಂದಿದ್ದು, ನೀವು ಅಂದಿದ್ದು, ಎಲ್ಲ ಮಾಫ್. ನನ್ನಿಂದ ಏನಾದ್ರೂ ತಪ್ಪಾಗಿದ್ರೆ ಮಾಫ್ ಮಾಡಿ."

"ಅಯ್ಯೋ, ನಿಮ್ಮಿಂದ ಏನು ತಪ್ಪಮ್ಮ" ಎಂದ ಶ್ರೀಹರಿ.

"ನಿಮ್ಗೆ ನನ್ ಹತ್ರ ಹೇಳೋದು ಏನಾದ್ರೂ ಇದ್ರೆ, ನೀವೂ ಹೇಳಿ ಬೇಟಾ. ಮನಸ್ಸಲ್ಲಿ ಇಟ್ಕೋಬೇಡಿ."

ಅವಳು ಅವನ ಮುಖವನ್ನೇ ನೋಡುತ್ತ ಕಾದಳು. ಅವನ ಬಾಯಿ ತೆರೆಯಿತು. ಹೇಳಿಬಿಡಬೇಕು, ಇದೊಂದು ಸಲ ಹೇಳಿಬಿಡಬೇಕು ಅನ್ನಿಸಿತು. ಅಷ್ಟರಲ್ಲಿ ಆ ಹೆಂಗಸಿನ ಕಣ್ಣಿನ ಸುತ್ತಲಿನ ಕಪ್ಪು, ತಿದಿಯಂತೆ ಏಳುತ್ತ ಬೀಳುತ್ತ ಇದ್ದ ಎದೆ ಕಂಡವು. ಸಾಯುವವಳಿಗೆ ಇದನ್ನು ಯಾಕೆ ಹೇಳಿ ನೋಯಿಸಲಿ ಎಂದುಕೊಂಡ. ನೋಯದಂತೆ ತಾನು ಕಾಪಾಡುತ್ತಿದ್ದದ್ದು ತನ್ನನ್ನೇ ಎಂದು ಆ ಹೇಡಿಗೆ ಹೊಳೆಯಲಿಲ್ಲ.

"ಏನಿದೆಯಮ್ಮ ಹೇಳೋಕೆ. ನೀವು ಬೇಗ ಹುಷಾರಾಗ್ತೀರಿ. ಎಲ್ಲಾ ಸರಿ ಹೋಗುತ್ತೆ" ಎಂದ.

ಮಜೀದಾ ಇನ್ನೂ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಕಣ್ಣು ಮುಚ್ಚಿಕೊಂಡಳು. ಇಕ್ರಾ ಅವನ ತೊಡೆಯ ಮೇಲಿದ್ದ ಹಣ್ಣಿನ ಚೀಲ ತೆಗೆದುಕೊಂಡು ಒಳಗೆ ಹೋದಳು, ಅವನನ್ನು ಮೆಟ್ಟಿಲವರೆಗೆ ಕಳಿಸಿಕೊಡಲು ಬರಲಿಲ್ಲ. ಅದೇ ವಾರ ಮಜೀದಾ ತೀರಿಕೊಂಡಳು.

ನಲವತ್ತನೆಯ ದಿನದ ಫಾತಿಹಾ ಪ್ರಾರ್ಥನೆಗೆ ಆಫೀಸಿನವರನ್ನೂ ಕರೆದಿದ್ದರು. ಶ್ರೀಹರಿ ಅನಸೂಯಳನ್ನು ಕರೆದುಕೊಂಡು ಬಂದ. ಇವತ್ತು ಹೇಳುತ್ತೇನೆ ಎಂದು ದಾರಿಯಲ್ಲಿ ಅವಳ ಕೈ ಹಿಡಿದು ಮಾತು ಕೊಟ್ಟಿದ್ದ. ಅನಸೂಯ ಹೆಂಗಸರ ಕಡೆ ಹೋಗಿ ಕೂತಳು. ಇಕ್ರಾ ಮೆಟ್ಟಿಲ ಬಳಿ ಒಬ್ಬಳೇ ಸಿಕ್ಕಾಗ ಶ್ರೀಹರಿ ಅವಳ ಮುಂದೆ ನಿಂತು, "ಇಕ್ರಾ, ಆ ಪೇಜಿಂದು... ನಿನಗೊಂದು ಮಾತು ಹೇಳ್ಬೇಕಿತ್ತು" ಎಂದ.

"ಗೊತ್ತು ಸರ್" ಎಂದಳು ಇಕ್ರಾ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ನಾನು ರಜಾ ಬರೆದುಕೊಟ್ಟೆನಲ್ಲ, ಆವತ್ತು ಸಂಜೇನೇ ಗೊತ್ತಾಯ್ತು. ಆಸ್ಪತ್ರೇಲಿ ಕೂತು ನಾನೂ ಹೆಡರ್ ತೆಗೆದು ನೋಡ್ತಿದ್ದೆ. ನೋಡ್ತಾ ನೋಡ್ತಾನೇ ಆ ಒಂದು ತಿಂಗಳು ಇಟ್ಕೋ ಅನ್ನೋ ಸಾಲು ಬದಲಾಯ್ತು. ಬದಲಾವಣೆ ಬರೆದಿಡೋ ಜಾಗದಲ್ಲಿ ಯಾರು ಬದಲಾಯಿಸಿದ್ದು ಅಂತ ನೋಡ್ದೆ. ನಿಮ್ಮ ಹೆಸರಿತ್ತು."

ಶ್ರೀಹರಿ ಒಂದು ಮೆಟ್ಟಿಲು ಕೆಳಗಿಳಿದ.

"ಅಮ್ಮಿಗೆ ಆವತ್ತೇ ಹೇಳ್ಬಿಟ್ಟೆ. ಅವರು ಏನಂದ್ರು ಗೊತ್ತಾ? ‘ಬೇಕಂತ ಮಾಡಿದ್ದಲ್ಲ. ಬಂದು ಹೇಳ್ತಾರೆ, ಹೇಳಿದ ತಕ್ಷಣ ಮಾಫ್ ಮಾಡ್ಬಿಡ್ತೀನಿ’ ಅಂದ್ರು. ನೀವು ರಕ್ತ ಕೊಡೋಕೆ ಬಂದಾಗ ಕಾದ್ರು. ನೀವು ಫೋನ್ ಮಾಡಿದಾಗೆಲ್ಲ ನನ್ನ ಮುಖ ನೋಡ್ತಿದ್ರು. ಕೊನೆಗೆ ಟೈಮ್ ಇಲ್ಲ ಅಂತ ಗೊತ್ತಾದ್ಮೇಲೆ ತಾವೇ ಕರೆಸಿದ್ರು."

"ನೀನಾದ್ರೂ..." ಎಂದ ಅವನು. ಅವಳ ಮುಂದೆ ಕೈ ಮುಗಿದ.

"ನಾನು ಮಾಫ್ ಮಾಡ್ಬಹುದು ಸರ್. ಮಾಡಿದೀನಿ ಅಂತಾನೇ ಇಟ್ಕೊಳಿ. ಆದ್ರೆ ಅವರ ಕಡೆಯಿಂದ ನಾನು ಮಾಡೋಕೆ ಬರಲ್ಲ. ಯಾರಿಗೆ ಅನ್ಯಾಯ ಆಗಿದ್ಯೋ ಅವರೇ ಮಾಡ್ಬೇಕು."

ಒಳಗೆ ಕುರಾನ್ ಓದು ಶುರುವಾಗಿತ್ತು. ಇಕ್ರಾ ದುಪಟ್ಟಾವನ್ನು ತಲೆಯ ಮೇಲೆ ಎಳೆದುಕೊಂಡು, ಚಪ್ಪಲಿ ಬಿಟ್ಟು ಒಳಗೆ ಹೋದಳು.